ನೆಟ್ಟ ವರ್ಷವೇ ಫಲ: ಬೆಂಗಳೂರು ಎಫ್‌ಸಿಯ 2013–14ರ ಋತು

ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದರ ಮೊದಲ ವರ್ಷದ ಚರಿತ್ರೆಯನ್ನು ಈ ಸಂಚಿಕೆಗೆ ಬರೆದುಕೊಡುತ್ತೇನೆ ಅಂದಾಗ ಸಂಪಾದಕ ಮಂಡಳಿಯ ಹಿರಿಯರೊಬ್ಬರು ಚಾಳೀಸಿನ ಮೇಲಿಂದ ನನ್ನನ್ನು ನೋಡಿದರು. “ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಊರಿನ ಆಟದವರು ಸೇರಿ ತರೂ ಪುಸ್ತಕ ಇದು. ಇದರಾಗ ಬೆಂಗಳೂರಿನವರ ಕಥಿ ಯಾಕ ಬೇಕ್ರೀ ಮಾಸ್ತರ?”

ಕೇಳಿದ್ದು ನ್ಯಾಯವೇ. ನಮ್ಮ ಕಡೆ ಆಟ ಅಂದರೆ ಮೊದಲು ಕುಸ್ತಿ, ಆಮೇಲೆ ಕಬಡ್ಡಿ, ಖೊಖೊ, ವಾಲಿಬಾಲ್. ದೀಪಾವಳಿ ಮುಗಿಯಿತೆಂದರೆ ಹೋರಿ. ಕಾಲ್ಚೆಂಡು ಪಂಕ್ತಿಯ ತುದಿಗೆ ಕೂತ ದೂರದ ನೆಂಟ; ಬಡಿಸುತ್ತ ಬಡಿಸುತ್ತ ಅಲ್ಲಿಗೆ ಬರುವ ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ. ನಾನು ಮಾತಾಡದೆ ಗೋಡೆಯ ಮೇಲಿನ ನಕ್ಷೆಯ ಹತ್ತಿರ ಹೋಗಿ ಸ್ಕೇಲು ಇಟ್ಟೆ. ಬೆಂಗಳೂರು ತಂಡ ಆಗ ದೇಶದ ಮೇಲ್ದರ್ಜೆಯ ಲೀಗಾಗಿದ್ದ ಐ-ಲೀಗ್ ಗೆದ್ದದ್ದು ಬೆಂಗಳೂರಿನಲ್ಲಲ್ಲ, ಗೋವಾದ ಮಡಗಾಂವದಲ್ಲಿ, ಫತೋರ್ಡಾ ಮೈದಾನದಲ್ಲಿ. ಹಾವೇರಿಯಿಂದ ನೇರ ಗೆರೆ ಎಳೆದರೆ ಬೆಂಗಳೂರು 300 ಕಿ.ಮೀ. ದಾಟುತ್ತದೆ, ಮಡಗಾಂವ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಜನ ಕೂಲಿಗೆಂದು ಗೋವಾ ಬಸ್ಸು ಹತ್ತುವುದು ಇವತ್ತು ನಿನ್ನೆಯದಲ್ಲ. ಹಿರಿಯರು ನಕ್ಕರು. “ಹಂಗಾದ್ರ ಬರೀರಿ. ಆದ್ರ ಲೆಕ್ಕ ತಪ್ಪಬಾರದು, ನಾವು ಪ್ಯಾಟಿ ಮಂದಿ.”

ಲೆಕ್ಕವನ್ನೇ ಮೊದಲು ಕೊಟ್ಟುಬಿಡುತ್ತೇನೆ. 13 ತಂಡ. ಪ್ರತಿ ತಂಡಕ್ಕೆ 24 ಪಂದ್ಯ. ಬೆಂಗಳೂರು ಎಫ್‌ಸಿ ಗೆದ್ದದ್ದು 14, ಡ್ರಾ 5, ಸೋಲು 5. ಹೊಡೆದ ಗೋಲು 42, ತಿಂದದ್ದು 28. ಅಂಕ 47. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಇಷ್ಟನ್ನೂ ಮಾಡಿದ್ದು ಹುಟ್ಟಿ ವರ್ಷ ತುಂಬದ ಒಂದು ಸಂಸ್ಥೆ. ತೆಂಗಿನ ಸಸಿ ನೆಟ್ಟವನು ಏಳೆಂಟು ವರ್ಷ ಕಾಯುತ್ತಾನೆ. ಇಲ್ಲಿ ನೆಟ್ಟ ವರ್ಷವೇ ಕಾಯಿ ಬಿಟ್ಟಿತು. ಅದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಬೆಂಗಳೂರಿಗೆ ಫುಟ್‌ಬಾಲ್ ಹೊಸತು ಅಂತ ಯಾರಾದರೂ ತಿಳಿದಿದ್ದರೆ ಅದು ತಪ್ಪು. ದಂಡುಪ್ರದೇಶದ ಸುತ್ತಲ ಕೇರಿಗಳಾದ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ ಬ್ರಿಟಿಷ್ ಪಲ್ಟನ್ನುಗಳ ಆಟ ನೋಡುತ್ತ ನೋಡುತ್ತ ಬರಿಗಾಲಿನ ಹುಡುಗರು ಪಲ್ಟನ್ನಿನವರನ್ನೇ ಸೋಲಿಸುವಷ್ಟು ಕಲಿತರು. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದಾಗ, ಸೈನ್ಯದ್ದಲ್ಲದ ಭಾರತೀಯ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1–2ರಿಂದ ಸೋತಿತಲ್ಲ, ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ಇಂದಿಗೂ ‘ಪಂಚಪಾಂಡವರು’ ಎಂದು ನೆನೆಯುವ ಐವರು ಮುನ್ನಡೆ ಆಟಗಾರರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಈ ಊರಿನವರೇ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು, ಕೊನೆಯದು 1968–69ರಲ್ಲಿ.

ಅಲ್ಲಿಂದ ಮುಂದೆ ಇಳಿಜಾರು. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದ ಮೇಲೆ ಬೆಂಗಳೂರಿನಿಂದ ಐಟಿಐ ತಂಡ ಕೆಲವು ಋತು ಆಡಿತು. 2007ರಲ್ಲಿ ಅದೇ ಲೀಗ್ ಐ-ಲೀಗ್ ಆಯಿತು. 2010ರಲ್ಲಿ ಎಚ್‌ಎಎಲ್ ಮೇಲೆ ಬಂದು ಎರಡು ಋತು ಉಸಿರು ಹಿಡಿದು ಆಡಿ 2012ರಲ್ಲಿ ಕೆಳಗಿಳಿಯಿತು. ಗಮನಿಸಬೇಕಾದ್ದು ಹೆಸರುಗಳನ್ನು. ಐಟಿಐ ಟೆಲಿಫೋನ್ ಮಾಡುವ ಕಾರ್ಖಾನೆ, ಎಚ್‌ಎಎಲ್ ವಿಮಾನ ಮಾಡುವ ಕಾರ್ಖಾನೆ. ಆಟಗಾರ ಅಲ್ಲಿ ನೌಕರ. ನೌಕರಿ ಕಾಯಂ ಆದರೆ ಸಾಕು ಎಂದುಕೊಂಡು ಆಡುವವನು. ಅದರಲ್ಲಿ ತಪ್ಪೇನೂ ಇಲ್ಲ, ಒಂದು ಕಾಲಕ್ಕೆ ಸಾವಿರಾರು ಮನೆಯ ಒಲೆ ಉರಿದದ್ದು ಆ ನೌಕರಿಯಿಂದಲೇ. ಆದರೆ ಕಾರ್ಖಾನೆ ಸೊರಗಿದಾಗ ತಂಡವೂ ಸೊರಗಿತು. 2012–13ರಲ್ಲಿ ದೇಶದ ಮೇಲ್ದರ್ಜೆಯ ಲೀಗಿನಲ್ಲಿ ಕರ್ನಾಟಕದ ತಂಡವೇ ಇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಐ-ಲೀಗ್ ಆದ ಮೇಲಿನ ಮೊದಲ ಆರೂ ಪ್ರಶಸ್ತಿ ಗೋವಾದ ಪಾಲು: ಡೆಂಪೊಗೆ ಮೂರು, ಚರ್ಚಿಲ್ ಬ್ರದರ್ಸ್‌ಗೆ ಎರಡು, ಸಾಲ್ಗಾಂವ್ಕರ್‌ಗೆ ಒಂದು. ಮಂಡೋವಿಯ ನೀರಲ್ಲೇ ಏನೋ ಇದೆ ಅಂತ ಜನ ತಮಾಷೆ ಮಾಡುತ್ತಿದ್ದರು. ನೀರಲ್ಲಿ ಇದ್ದದ್ದು ಅದಿರು. ಡೆಂಪೊ, ಸಾಲ್ಗಾಂವ್ಕರ್ ಎರಡೂ ಮನೆತನ ಗಣಿ ಉದ್ಯಮದಲ್ಲಿ ಬೆಳೆದವು. ಅಲ್ಲಿನ ಫುಟ್‌ಬಾಲ್ ದಶಕಗಳ ಕಾಲ ಅದಿರಿನ ದುಡ್ಡಿನ ನೆರಳಲ್ಲಿ ನಿಂತಿತ್ತು. ನಮ್ಮ ಕಥೆಗೂ ಅದೇ ಕೆಂಪು ಮಣ್ಣು ಅಂಟಿಕೊಂಡಿದೆ. ಬೆಂಗಳೂರು ತಂಡ ಕಟ್ಟಿದ್ದು ಜೆಎಸ್‌ಡಬ್ಲ್ಯು. ಅವರ ಉಕ್ಕಿನ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ, ಸಂಡೂರಿನ ಬೆಟ್ಟಗಳ ಪಕ್ಕ. ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ, ಗೋವಾದ ಗಣಿಗಾರಿಕೆಗೆ 2012ರಲ್ಲಿ. ಹೊಸಪೇಟೆಯಿಂದ ಹುಬ್ಬಳ್ಳಿ ದಾಟಿ ಅಂಕೋಲೆ, ಬೇಲೆಕೇರಿಯ ಕಡೆ ಹಗಲೂ ರಾತ್ರಿ ಓಡಿದ ಲಾರಿಗಳನ್ನು ನೋಡಿದ ನಮ್ಮ ಸೀಮೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಆ ಲಾರಿಗಳ ಧೂಳು ಇನ್ನೂ ಕೂರುತ್ತಿದ್ದ ಕಾಲದಲ್ಲೇ ದೇಶದ ಫುಟ್‌ಬಾಲ್ ಫೆಡರೇಷನ್ನು, ದೊಡ್ಡ ಊರಿನ ದೊಡ್ಡ ಕಂಪನಿಗಳು ಕೆಳದರ್ಜೆಯ ಮೆಟ್ಟಿಲು ಹತ್ತದೆ ನೇರ ಐ-ಲೀಗಿಗೆ ಬರಬಹುದು ಎಂಬ ದಾರಿ ತೆರೆಯಿತು. ಜೆಎಸ್‌ಡಬ್ಲ್ಯು ಆ ಬಾಗಿಲಿನಿಂದ ಬಂತು.

ಇದು ಹಿಂಬಾಗಿಲು ಅಂತ ಆಗ ಗೊಣಗಿದವರಿದ್ದರು. ನಾನೂ ಗೊಣಗಿದವನೇ.

2013ರ ಜುಲೈ 20ರಂದು ಕ್ಲಬ್ಬಿನ ಹೆಸರನ್ನೂ ಲಾಂಛನವನ್ನೂ ಬಿಡುಗಡೆ ಮಾಡಿದರು. ಬೆಂಗಳೂರು ಫುಟ್‌ಬಾಲ್ ಕ್ಲಬ್ ಎಂಬ ಹೆಸರು ಕನ್ನಡ ಪತ್ರಿಕೆಯಲ್ಲಿ ಓದಿದವರಿಗೆ ವಿಶೇಷ ಅನಿಸಲಿಲ್ಲ. ನಮಗೆ ಅದು ಯಾವತ್ತೂ ಬೆಂಗಳೂರೇ. ಇಂಗ್ಲಿಷ್ ಪತ್ರಿಕೆ ತೆರೆದಾಗಲೇ ಸಂಗತಿ ಹೊಳೆದದ್ದು. ಅಲ್ಲಿಯೂ ‘ಬೆಂಗಳೂರು’ ಎಂದೇ ಇತ್ತು, ‘ಬ್ಯಾಂಗಲೋರ್’ ಎಂದಲ್ಲ. ಯು.ಆರ್. ಅನಂತಮೂರ್ತಿಯವರು ಊರುಗಳ ಕನ್ನಡ ಹೆಸರಿನ ಮಾತೆತ್ತಿ ಏಳೆಂಟು ವರ್ಷ ಕಳೆದಿತ್ತು, ಕಡತ ದಿಲ್ಲಿಯಲ್ಲಿ ಮಲಗಿತ್ತು. ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಬರೆಯಬೇಕೆಂದು ಸರ್ಕಾರಿ ಆದೇಶ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಅಂದರೆ ಸರ್ಕಾರಕ್ಕಿಂತ ವರ್ಷ ಮೊದಲೇ ಒಂದು ಫುಟ್‌ಬಾಲ್ ತಂಡ ಆ ಹೆಸರನ್ನು ಅಂಗಿಯ ಮೇಲೆ ಹಾಕಿಕೊಂಡು ಕೋಲ್ಕತ್ತ, ಶಿಲ್ಲಾಂಗ್, ಪುಣೆ ಸುತ್ತಿ ಬಂದಿತ್ತು. ಪ್ರಶಸ್ತಿಯ ಪಟ್ಟಿಯಲ್ಲೂ ಬರೆಸಿತ್ತು. ಆಡುತ್ತಿದ್ದ ಮೈದಾನದ ಬೋರ್ಡು ಮಾತ್ರ ಇನ್ನೂ ‘ಬ್ಯಾಂಗಲೋರ್ ಫುಟ್‌ಬಾಲ್ ಸ್ಟೇಡಿಯಂ’!

ಲಾಂಛನದಲ್ಲಿ ಗಂಡಭೇರುಂಡ. ಬೆಂಗಳೂರಿನವರು ಅದನ್ನು ಮೈಸೂರು ಅರಸರದ್ದು ಎನ್ನುತ್ತಾರೆ. ರಾಣೆಬೆನ್ನೂರಿನಿಂದ ಶಿಕಾರಿಪುರದ ಕಡೆ ಹೋಗಿ ಬಂದವರು ಮುಗುಳ್ನಗುತ್ತಾರೆ. ಬಳ್ಳಿಗಾವಿಯಲ್ಲಿ ಚಾಳುಕ್ಯರ ಸಾಮಂತ ಚಾವುಂಡರಾಯ ಭೇರುಂಡೇಶ್ವರ ಸ್ತಂಭ ನಿಲ್ಲಿಸಿದ್ದು 1047ರಲ್ಲಿ, ಮೈಸೂರಿನಲ್ಲಿ ಒಡೆಯರ ಆಳ್ವಿಕೆ ಶುರುವಾಗುವುದಕ್ಕೆ ಎಷ್ಟೋ ಶತಮಾನ ಮೊದಲು. ಎರಡು ತಲೆಯ ಹಕ್ಕಿ ನಮ್ಮ ಮಗ್ಗುಲಿನದೇ. ಹಿರಿಯರ ಪ್ರಶ್ನೆಗೆ ಇದೂ ಒಂದು ಉತ್ತರ. ಆದರೆ ಅವರು ಇದನ್ನು ಕೇಳಿ “ಹಕ್ಕಿ ನಮ್ಮದಾತು, ಹಾರೂದು ಅವರದು” ಅಂದರು.

ಇನ್ನು ತಂಡ. ಕೋಚ್ ಆಗಿ ಬಂದದ್ದು ಆಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಎಳೆಯರ ಗರಡಿಯಲ್ಲಿ ತಯಾರಾದ ಇಂಗ್ಲೆಂಡಿನವ. ನಾಯಕ ಸುನಿಲ್ ಛೆಟ್ರಿ. ಛೆಟ್ರಿ ಹಿಂದಿನ ವರ್ಷ ಎರವಲು ಆಟಗಾರನಾಗಿ ಚರ್ಚಿಲ್ ಬ್ರದರ್ಸ್ ಜೊತೆ ಲೀಗ್ ಗೆದ್ದು ಬಂದಿದ್ದರು. ರಕ್ಷಣೆಗೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಮುಂದೆ ಆಸ್ಟ್ರೇಲಿಯದ ಶಾನ್ ರೂನಿ. ನಡುವೆ ಲೈಬೀರಿಯದ ಜಾನ್ ಮೆನ್ಯೊಂಗರ್. ಉಳಿದವರು ಥೋಯಿ ಸಿಂಗ್, ರಾಬಿನ್ ಸಿಂಗ್, ರಿನೊ ಆಂಟೊ, ಕೀಗನ್ ಪೆರೇರಾ, ಬೈಖೊಖೈ, ಗೋಲಿ ಪವನ್ ಕುಮಾರ್. ಪಟ್ಟಿಯಲ್ಲಿ ಒಂದು ಹೆಸರು ಕಂಡು ನಮ್ಮ ಹುಡುಗರು ಕುಣಿದಿದ್ದರು: ಸಿಯಾಮ್ ಹಾಂಗಲ್. “ಸರ, ನಮ್ಮ ಹಾನಗಲ್ಲಿನಾಂವ ಇದಾನ್ರೀ ಟೀಮಿನಾಗ!” ಅವನು ಈಶಾನ್ಯದ ಹುಡುಗ, ಹಾಂಗಲ್ ಅವರ ಮನೆತನದ ಹೆಸರು ಎಂದು ತಿಳಿಸಿದ ಮೇಲೂ ಒಬ್ಬ ಹುಡುಗ ಒಪ್ಪಲಿಲ್ಲ. ಅಕ್ಕಿಆಲೂರಿನ ಕಡೆಯವನ ಮುಖ ಹಂಗ ಇರತೈತಿ ಅಂತ ವಾದ ಹೂಡಿದ. ನಾನೂ ಹೆಚ್ಚು ಎಳೆಯಲಿಲ್ಲ. ಒಂದು ಋತುವಿನ ಮಟ್ಟಿಗೆ ಹಾನಗಲ್ಲಿಗೆ ಒಬ್ಬ ಆಟಗಾರ ಇದ್ದರೆ ಯಾರಿಗೇನು ನಷ್ಟ?

ಈ ಪಟ್ಟಿಯನ್ನು ಈಗ ನೋಡಿದರೆ ದೊಡ್ಡ ಹೆಸರು ಛೆಟ್ರಿ ಒಬ್ಬರದೇ. ಉಳಿದವರಲ್ಲಿ ಹಲವರು ಬೇರೆ ಕ್ಲಬ್ಬುಗಳಲ್ಲಿ ಬೆಂಚಿನ ಮೇಲೆ ಕೂತವರು, ಎಳೆಯರು. ಅವರನ್ನು ಗೆಲ್ಲುವ ತಂಡ ಮಾಡಿದ್ದು ಯಾವ ಮಂತ್ರವೂ ಅಲ್ಲ. ತೂಕ, ಊಟ, ನಿದ್ದೆ, ವ್ಯಾಯಾಮ, ಆಡಿದ ಆಟವನ್ನು ಮತ್ತೆ ವಿಡಿಯೊದಲ್ಲಿ ಕೂತು ನೋಡುವುದು. ಬ್ಯಾಡಗಿಯ ಪ್ರಾಂಗಣದಲ್ಲಿ ಮೆಣಸಿನಕಾಯಿ ಚೀಲ ಬಂದರೆ ಮೊದಲು ಡಬ್ಬಿಯೋ ಕಡ್ಡಿಯೋ ನೋಡುತ್ತಾರೆ, ಆಮೇಲೆ ತೇವ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಆಮೇಲೆ ತೂಕ. ಯಾರ ಮಾಲು ಎಂಬುದು ಕೊನೆಗೆ. ಭಾರತದ ಫುಟ್‌ಬಾಲಿನಲ್ಲಿ ಅಲ್ಲಿಯತನಕ ‘ಯಾರ ಮಾಲು’ ಎಂಬುದೇ ಮೊದಲಿತ್ತು. ಹೆಸರಿದ್ದವನು ಬೊಜ್ಜು ಬಂದರೂ ಆಡುತ್ತಿದ್ದ. ವೆಸ್ಟ್‌ವುಡ್ ತಕ್ಕಡಿ ತಂದು ನಡುಮನೆಯಲ್ಲಿಟ್ಟರು. ಹಿಂಬಾಗಿಲ ಮಾತು ಆಡಿದ್ದ ನಾನು ಬಾಯಿ ಮುಚ್ಚಿದ್ದು ಇಲ್ಲಿ. ಒಳಗೆ ಬಂದ ಬಾಗಿಲು ಯಾವುದಾದರೂ ಇರಲಿ, ಒಳಗೆ ಬಂದವರು ಕಸ ಗುಡಿಸಿದರು.

2013ರ ಸೆಪ್ಟೆಂಬರ್ 22, ಭಾನುವಾರ. ಮೊದಲ ಪಂದ್ಯಕ್ಕೆ ಎದುರಾಳಿ ಮೋಹನ್ ಬಾಗಾನ್. ಎರಡು ತಿಂಗಳ ಕೂಸಿನ ಎದುರು 1889ರಲ್ಲಿ ಹುಟ್ಟಿದ ಅಜ್ಜ! ಶಾನ್ ರೂನಿ ಕ್ಲಬ್ಬಿನ ಚರಿತ್ರೆಯ ಮೊದಲ ಗೋಲು ಹೊಡೆದರು, ಬಾಗಾನ್ ಸಮ ಮಾಡಿತು, 1–1. ಮುಂದಿನ ಪಂದ್ಯದಲ್ಲಿ ಶಿಲ್ಲಾಂಗಿನ ರಾಂಗ್ಡಾಜಿಯೆಡ್ ಯುನೈಟೆಡ್ ಎದುರು 3–0, ಮೊದಲ ಗೆಲುವು.

ಮೈದಾನದ ಬಗ್ಗೆ ಎರಡು ಮಾತು ಹೇಳಲೇಬೇಕು. ಅಶೋಕನಗರದ ಆ ಸ್ಟೇಡಿಯಂ ದೊಡ್ಡದಲ್ಲ, ಎಂಟು ಸಾವಿರ ಚಿಲ್ಲರೆ ಜನಕ್ಕೆ ಭರ್ತಿ. ನೆಲಕ್ಕೆ ಕೃತಕ ಹುಲ್ಲಿನ ಹಾಸು. ಪಡುವಣ ದಿಕ್ಕಿನ ಮೆಟ್ಟಿಲ ಮೇಲೆ ನೀಲಿ ಅಂಗಿಯ ಹುಡುಗರು ಗುಂಪು ಕಟ್ಟಿಕೊಂಡರು, ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡರು. ತೊಂಬತ್ತು ನಿಮಿಷ ಕೂರುವುದಿಲ್ಲ, ಡೋಲು ನಿಲ್ಲಿಸುವುದಿಲ್ಲ, ಹಾಡು ನಿಲ್ಲಿಸುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳು ಇದನ್ನು ಯುರೋಪಿನಿಂದ ಬಂದ ಅಭ್ಯಾಸ ಎಂದು ಬರೆದವು. ಇರಬಹುದು. ಆದರೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನೋಡಿದವನಿಗೆ ಅದರಲ್ಲಿ ಅಚ್ಚರಿ ಏನಿದೆ? ಇಲ್ಲಿ ಹೋರಿಗೊಂದು ಹೆಸರು, ಆ ಹೆಸರಿನ ಅಂಗಿ ತೊಟ್ಟ ನೂರಾರು ಹುಡುಗರು, ಊರ ಬಾಗಿಲಿಗೆ ಬ್ಯಾನರು, ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು. ಹೋರಿ ಅಖಾಡದಲ್ಲಿ ಯಾರ ಕೈಗೂ ಸಿಗದೆ ಓಡಿದರೆ ಊರಿಗೆ ಊರೇ ಎದೆ ಉಬ್ಬಿಸುತ್ತದೆ. ಅದು ವಯಸ್ಸಾಗಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ. ನಮ್ಮ ಹುಡುಗರು ವೆಸ್ಟ್ ಬ್ಲಾಕಿನ ಕುಣಿತವನ್ನು ಟಿವಿಯಲ್ಲಿ ಕಂಡು “ಇವರದೂ ನಮ್ಮಂಗ ಐತಿ” ಅಂದದ್ದು ಅದಕ್ಕೇ. ಐಟಿಐಗೆ, ಎಚ್‌ಎಎಲ್‌ಗೆ ಇಲ್ಲದ್ದು ಇದೇ. ಕಾರ್ಖಾನೆಗೆ ಯಾರು ಡೋಲು ಬಾರಿಸುತ್ತಾರೆ? ಊರ ಹೆಸರಿಗೆ ಬಾರಿಸುತ್ತಾರೆ.

ಜನವರಿಯಲ್ಲಿ ಲೀಗಿಗೆ ಬಿಡುವು ಕೊಟ್ಟು ಕೇರಳದಲ್ಲಿ ಫೆಡರೇಷನ್ ಕಪ್ ನಡೆಯಿತು. ಬೆಂಗಳೂರು ಗುಂಪಿನ ಹಂತವನ್ನೇ ದಾಟಲಿಲ್ಲ. ಕಪ್ ಚರ್ಚಿಲ್ ಬ್ರದರ್ಸ್ ಪಾಲಾಯಿತು. ಅದು ಒಳ್ಳೆಯದೇ ಆಯಿತೇನೋ. ಕಪ್ಪು ಕೆಲವೇ ದಿನದ ಜಾತ್ರೆ. ಲೀಗು ಹಾಗಲ್ಲ, ಅದು ವರ್ಷದ ಬೇಸಾಯ. ಜಾತ್ರೆಯಲ್ಲಿ ಸೋತವರು ಬೇಸಾಯಕ್ಕೆ ಮರಳಿದರು. ಜನವರಿಯಿಂದ ಏಪ್ರಿಲ್ ಅಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಭರಾಟೆ, ಊರಿಗೆ ಊರೇ ಕೆಂಪಗೆ ಕೆಮ್ಮುವ ಕಾಲ. ಅದೇ ತಿಂಗಳುಗಳಲ್ಲಿ ಅಲ್ಲಿ ಅಂಕಗಳು ಒಂದೊಂದೇ ಚೀಲಕ್ಕೆ ಬೀಳುತ್ತಿದ್ದವು. ಛೆಟ್ರಿಯ ಗೋಲು ಋತು ಮುಗಿಯುವ ಹೊತ್ತಿಗೆ 14ಕ್ಕೆ ನಿಂತವು, ರೂನಿಯವು 11. ಇಬ್ಬರೇ ಸೇರಿ 25, ತಂಡದ 42ರಲ್ಲಿ ಅರ್ಧಕ್ಕಿಂತ ಹೆಚ್ಚು. ತಿಂದ ಗೋಲು 28 ಎಂಬುದನ್ನೂ ಮರೆಯಬಾರದು. ಇದು ಬಾಗಿಲು ಭದ್ರ ಮಾಡಿಕೊಂಡು ಗೆದ್ದ ತಂಡವಲ್ಲ. ಎರಡು ಕೊಟ್ಟು ನಾಲ್ಕು ವಸೂಲಿ ಮಾಡಿದ ತಂಡ. ಕೊನೆಗೆ ಪ್ರಶಸ್ತಿ ಬಂದದ್ದೂ ಹಾಗೆಯೇ.

ಏಪ್ರಿಲ್ ಬಂತು. 17ರ ಗುರುವಾರ ರಾಜ್ಯದ 28 ಲೋಕಸಭಾ ಕ್ಷೇತ್ರಗಳಿಗೂ ಒಂದೇ ದಿನ ಮತದಾನ. ಪತ್ರಿಕೆಗಳ ಕ್ರೀಡಾಪುಟ ಅರ್ಧಕ್ಕಿಳಿದಿತ್ತು. ಉಳಿದರ್ಧವನ್ನು ಐಪಿಎಲ್ ತಿಂದಿತ್ತು. ಚುನಾವಣೆಯ ದೆಸೆಯಿಂದ ಆ ವರ್ಷ ಐಪಿಎಲ್ ಅರಬ್ ನಾಡಿನಲ್ಲಿ ಶುರುವಾಗಿತ್ತು ನೋಡಿ. ಮೂಲೆಯಲ್ಲಿ ನಾಲ್ಕು ಸಾಲು: ಸೋಮವಾರ ಡೆಂಪೊ ಎದುರು ಬೆಂಗಳೂರು, ಗೆದ್ದರೆ ಪ್ರಶಸ್ತಿ.

ಸೋಮವಾರ ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನ್ನ ಹಳೆಯ ಶಿಷ್ಯನೊಬ್ಬ, ಸಾಹುಕಾರರು ಊಟಕ್ಕೆ ಹೋದ ಸಮಯ ನೋಡಿ ಟಿವಿ ಹಚ್ಚಿಕೊಟ್ಟ. ಹಮಾಲರು ಇಬ್ಬರು, ಶಿಗ್ಗಾವಿಯ ಕಡೆಯಿಂದ ಮಾಲು ತಂದಿದ್ದ ರೈತನೊಬ್ಬ, ನಾನು. ಘಾಟಿಗೆ ಕಣ್ಣಲ್ಲಿ ನೀರು. ಆಟ ಕಂಡದ್ದು ಅರ್ಧ, ಉಳಿದರ್ಧ ಬರೀ ನೀಲಿ ಬಿಳಿ ಕಲೆಗಳು. ಡೆಂಪೊ ಸಣ್ಣ ಎದುರಾಳಿಯಲ್ಲ, ಹಳೆಯ ಲೀಗು ಹೊಸ ಲೀಗು ಸೇರಿಸಿದರೆ ಐದು ಸಲ ದೇಶ ಗೆದ್ದ ತಂಡ, ಅದೂ ಅವರದೇ ಅಂಗಳದಲ್ಲಿ. ರೈತ ಕೇಳಿದ, “ಯಾರು ಯಾರು ಆಡಾಕತ್ತಾರ್ರೀ?” ಗೋವಾದವರು, ಬೆಂಗಳೂರಿನವರು ಅಂದೆ. “ನನ್ನ ತಮ್ಮ ಮಡಗಾಂವದಾಗ ಗಾರೆ ಕೆಲಸಕ್ಕದಾನ. ಅಲ್ಲೇ ಸ್ಟೇಡಿಯಂ ಮಗ್ಗಲಾಗ ಇರತಾನ” ಅಂದ ಆತ, ಅಲ್ಲಿಂದ ಮುಂದೆ ಎದ್ದು ಹೋಗಲಿಲ್ಲ. ನಡುವೆ ಎರಡು ಬಾರಿ ಟೆಂಡರಿನ ದರ ಕೂಗಿದರು. ಆತ ಕಿವಿಗೊಟ್ಟ, ಕಣ್ಣು ಟಿವಿಯ ಮೇಲೆಯೇ.

4–2. ಇನ್ನೊಂದು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ ಬೆಂಗಳೂರಿಗೆ. ಗೋವಾ ಬಿಟ್ಟು ಹೊರಗಿನವರು ಐ-ಲೀಗ್ ಗೆದ್ದದ್ದು ಅದೇ ಮೊದಲು, ಅದನ್ನೂ ಗೋವಾದ ನೆಲದ ಮೇಲೇ. ಮೊದಲ ಋತುವಿನಲ್ಲೇ ಹೊಸ ಕ್ಲಬ್ ಗೆದ್ದದ್ದೂ ಅದೇ ಮೊದಲು. ಹಮಾಲರೊಬ್ಬರು “ಗೆದ್ದರೇನ್ರೀ?” ಅಂದರು. ಗೆದ್ದರು ಅಂದೆ. “ಹಂಗಾರ ಚಾ ಹೇಳ್ರಿ” ಅಂದರು. ಹೇಳಿದೆ. ಬ್ಯಾಡಗಿಯಲ್ಲಿ ನಡೆದ ವಿಜಯೋತ್ಸವ ಅಷ್ಟೇ, ನಾಲ್ಕು ಕಪ್ ಚಾ.

ಇಲ್ಲಿಗೆ ಋತುವಿನ ಆಟ ಮುಗಿಯಿತು. ಸಂಸ್ಥೆಯ ಚರಿತ್ರೆ ಬರೆಯುವವನಿಗೆ ಅದರ ನಂತರದ ಒಂದು ಸುದ್ದಿ ಗೋಲುಗಳಿಗಿಂತ ದೊಡ್ಡದು. ಆ ಋತುವಿನ 13 ತಂಡಗಳಲ್ಲಿ ಕೊನೆಯ ಸ್ಥಾನದ ಮೊಹಮ್ಮಡನ್ ಸ್ಪೋರ್ಟಿಂಗ್ ಕೆಳಗಿಳಿದದ್ದು ಆಟದಲ್ಲಿ ಸೋತು. ಇನ್ನು ಮೂರು ತಂಡಗಳಾದ ಚರ್ಚಿಲ್ ಬ್ರದರ್ಸ್, ಯುನೈಟೆಡ್ ಸ್ಪೋರ್ಟ್ಸ್, ರಾಂಗ್ಡಾಜಿಯೆಡ್‌ಗಳನ್ನು ಮುಂದಿನ ಋತುವಿಗೆ ಸೇರಿಸಿಕೊಳ್ಳಲಿಲ್ಲ. ಕ್ಲಬ್ ಲೈಸೆನ್ಸಿಗೆ ಬೇಕಾದ ಷರತ್ತುಗಳನ್ನು ಅವು ಪೂರೈಸಿರಲಿಲ್ಲ. ಇವರಲ್ಲಿ ಚರ್ಚಿಲ್ ಯಾರು? 2013ರ ಲೀಗ್ ವಿಜೇತರು, 2014ರ ಜನವರಿಯ ಫೆಡರೇಷನ್ ಕಪ್ ವಿಜೇತರು. ಕಾಲು ಚೆನ್ನಾಗಿತ್ತು, ಕಾಗದ ಚೆನ್ನಾಗಿರಲಿಲ್ಲ. ಎಳೆಯರ ತಂಡ, ಲೆಕ್ಕಪತ್ರ, ಮೈದಾನ, ಸಿಬ್ಬಂದಿ ಇವನ್ನೆಲ್ಲ ನೋಡುವ ಪರೀಕ್ಷೆ ಅದು. ಒಂದು ವರ್ಷದ ಕೂಸು ಪಾಸಾಯಿತು, ಹಳಬರು ನಪಾಸಾದರು. ನಮ್ಮ ಮೂರೂರಿನ ಕ್ರೀಡಾ ಸಂಘಗಳ ಪದಾಧಿಕಾರಿಗಳು ಈ ಸಾಲನ್ನು ಎರಡು ಸಲ ಓದಬೇಕೆಂದು ನನ್ನ ಆಸೆ. ಠರಾವು ಪುಸ್ತಕ ಯಾರ ಮನೆಯಲ್ಲಿದೆ ಎಂಬುದೇ ಗೊತ್ತಿಲ್ಲದ ಸಂಘಗಳಲ್ಲಿ ನಾನೂ ಸದಸ್ಯನಾಗಿದ್ದೇನೆ.

ಹೊಗಳಿದ್ದು ಸಾಕು. ಆ ತಂಡದಲ್ಲಿ ಕರ್ನಾಟಕದ ಹುಡುಗರು ಎಷ್ಟು ಎಂದು ಕೇಳಿದರೆ ಬೆರಳೇ ಹೆಚ್ಚಾಗುತ್ತವೆ. ಬೆಂಗಳೂರಿನ ಶಂಕರ್ ಸಂಪಂಗಿರಾಜ್ ಎಂಬ ಎಳೆಯ ಆಟಗಾರನ ಹೆಸರು ನೆನಪಾಗುತ್ತದೆ. ಆ ಹೆಸರಿನ ಮುಂದೆ ಉದ್ದದ ಸಾಲಿಲ್ಲ. ಬೆಂಗಳೂರಿನ ಹೊರಗಿನವರಂತೂ ದೂರದ ಮಾತು. ತಪ್ಪು ಕ್ಲಬ್ಬಿನದು ಮಾತ್ರ ಅಂತ ಹೇಳಲಾರೆ. ಒಂಬತ್ತು ತಿಂಗಳಲ್ಲಿ ತಂಡ ಕಟ್ಟಿ ಗೆಲ್ಲಬೇಕಾದವನು ಸಿದ್ಧ ಮಾಲನ್ನೇ ಕೊಳ್ಳುತ್ತಾನೆ, ಬಿತ್ತನೆ ಮಾಡಿ ಕಾಯುವುದಿಲ್ಲ. ದೇಶಕ್ಕೆ ಬಿತ್ತನೆ ಬೀಜ ಕಟ್ಟಿಕೊಡುವ ರಾಣೆಬೆನ್ನೂರಿನವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು: ಬೀಜ ಮಾಡುವ ಹೊಲ ಬೇರೆ, ಫಸಲು ಮಾರುವ ಹೊಲ ಬೇರೆ. ನಮ್ಮಲ್ಲಿ ಬೀಜದ ಹೊಲವೇ ಇಲ್ಲ. ಎರೆ ನೆಲದ ಶಾಲಾ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಚೆಂಡು ಬಿರುಕಿಗೆ ಬಿದ್ದು ಎತ್ತಲೋ ಹಾರುತ್ತದೆ. ಮಳೆಗಾಲದಲ್ಲಿ ಅದೇ ನೆಲ ಬೂಟು ಕಚ್ಚಿ ಹಿಡಿಯುತ್ತದೆ. ಗೋಲು ಕಂಬ ಎಂದು ಎರಡು ಪಾಟೀಚೀಲ ಇಟ್ಟು ಆಡಿದವರು ನಾವು. ಪಾಸು ಕೊಡುವುದನ್ನು ಕಲಿಯಲು ನೆಲ ಸಮ ಇರಬೇಕು. ನಮ್ಮ ಹುಡುಗರು ಕಲಿತದ್ದು ಓಡುವುದನ್ನು ಮತ್ತು ಎತ್ತಿ ಒದೆಯುವುದನ್ನು. ಮುಂದೆ ತೋರಣಗಲ್ಲಿನಲ್ಲಿಯೇ ಅದೇ ಕಂಪನಿ ದೊಡ್ಡ ಕ್ರೀಡಾ ತರಬೇತಿ ಕೇಂದ್ರ ತೆರೆಯಿತು, 2018ರಲ್ಲಿ. ಬೆಂಗಳೂರಿಗಿಂತ ಅದು ನಮಗೆ ಹತ್ತಿರ.

ಕ್ಲಬ್ಬು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಋತುವಿಗೆ ದೊಡ್ಡದಾದ ಕಂಠೀರವ ಕ್ರೀಡಾಂಗಣಕ್ಕೆ ಮನೆ ಬದಲಿಸಿತು, 2016ರಲ್ಲಿ ಮತ್ತೆ ಐ-ಲೀಗ್ ಗೆದ್ದಿತು, ಅದೇ ವರ್ಷ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು, 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ (ಐಎಸ್‌ಎಲ್) ಹೋಗಿ 2019ರಲ್ಲಿ ಅದನ್ನೂ ಗೆದ್ದಿತು. ರಾಜ್ಯ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಇವೆಲ್ಲಕ್ಕೂ ಬೇರೆ ಲೇಖನ ಬೇಕು, ಬೇರೆಯವರು ಬರೆಯಲಿ.

ನನ್ನದು ಒಂದೇ ಭೇಟಿ. 2015ರ ಮೇ 31, ಭಾನುವಾರ, ಎರಡನೆಯ ಋತುವಿನ ಕೊನೆಯ ಪಂದ್ಯ. ಎದುರಾಳಿ ಮತ್ತೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ ಉಳಿಯುತ್ತಿತ್ತು, ಬಾಗಾನ್‌ಗೆ ಡ್ರಾ ಸಾಕಿತ್ತು. ರಾಣೆಬೆನ್ನೂರಿನ ಇಬ್ಬರು, ಹಾವೇರಿಯ ಒಬ್ಬ, ಮೂವರು ಹುಡುಗರನ್ನು ಕಟ್ಟಿಕೊಂಡು ಹಿಂದಿನ ರಾತ್ರಿಯ ರೈಲು ಹತ್ತಿದೆ. ಅವರಲ್ಲಿ ಯಾರೂ ಅದುವರೆಗೆ ಹುಲ್ಲಿನ ಮೈದಾನದಲ್ಲಿ ಆಟ ನೋಡಿದವರಲ್ಲ. ದೀಪ ಹತ್ತಿದಾಗ ಒಬ್ಬ “ಸರ, ಎಷ್ಟ್ ಹಸರ ಐತ್ರೀ” ಅಂದ, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಜಾನ್ಸನ್ ತಲೆಯಿಂದ ಗೋಲು ಹೊಡೆದಾಗ ನಾಲ್ವರೂ ಅಪ್ಪಿಕೊಂಡು ಕುಣಿದೆವು. 87ನೇ ನಿಮಿಷಕ್ಕೆ ಒಂದು ಕಾರ್ನರ್. ಬಾಗಾನ್‌ನ ಬೆಲ್ಲೊ ರಜಾಕ್ ಎತ್ತರಕ್ಕೆ ಹಾರಿದ. 1–1. ಹದಿಮೂರು ವರ್ಷಗಳ ನಂತರ ಬಾಗಾನ್‌ಗೆ ಲೀಗ್. ವೆಸ್ಟ್ ಬ್ಲಾಕಿನವರು ಆಗಲೂ ಹಾಡು ನಿಲ್ಲಿಸಲಿಲ್ಲ.

ವಾಪಸು ರಾತ್ರಿಯ ರೈಲು, ಜನರಲ್ ಬೋಗಿ, ಬಾಗಿಲ ಹತ್ತಿರ ಪೇಪರು ಹಾಸಿ ಕೂತೆವು. ಮೂವರೂ ಸುಮ್ಮನಿದ್ದರು. ಹರಿಹರದ ಹೊಳೆ ದಾಟುವಾಗ ಬೆಳಕು ಹರಿಯುತ್ತಿತ್ತು. ಚಳಗೇರಿ ಬಂದಾಗ ಸಣ್ಣವನು ಕೇಳಿದ, “ಸರ, ಆ ಕಾರ್ನರ್‌ಗೆ ನಮ್ಮವರು ಆತನ್ನ ಹಿಡೀಬೇಕಿತ್ತಲ್ರೀ? ಯಾರು ಹಿಡೀಬೇಕಿತ್ತು?” ಇನ್ನೊಬ್ಬ ಪೇಪರಿನ ಅಂಚಿನ ಮೇಲೆ ಪೆನ್ನಿನಿಂದ ಹನ್ನೊಂದು ಚುಕ್ಕೆ ಇಟ್ಟು, ಇಲ್ಲಿ ಜಾನ್ಸನ್, ಇಲ್ಲಿ ಒಸಾನೊ ಅಂತ ಗೆರೆ ಎಳೆಯತೊಡಗಿದ. ರಾಣೆಬೆನ್ನೂರು ಸ್ಟೇಷನ್ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಇಳೀರಪ್ಪಾ ಅಂತ ನಾನೇ ಕೂಗಬೇಕಾಯಿತು.